ಪದಚರ್ಚೆ: ‘ಹೊಂದಾಣಿಕೆಯ ಮೀನು’ ಅಂದರೆ ಯಾರಿಗಾದರೂ ಅರ್ಥವಾಗುತ್ತದಾ?

ಎಲ್ಲರಿಗೂ ನಮಸ್ಕಾರ.

ಗೆಳೆಯನೊಬ್ಬ ಬಣ್ಣದ ಮೀನು ಮಾರುತ್ತಾನೆ. ಅಂಗಡಿಗೆ ಬರುವವರ ಕೈಗೆ ಕೊಡಲು ಕನ್ನಡದಲ್ಲಿ ಒಂದು ಪುಟದ ಚೀಟಿ ಬರೆದುಕೊಡು ಅಂದಿದ್ದಾನೆ. ಯಾವ ಮೀನಿನ ಜೊತೆ ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು, ನೀರು ಹೇಗಿರಬೇಕು, ಇಷ್ಟೇ ವಿಷಯ. ಇಂಗ್ಲಿಷಿನಲ್ಲಿ ಇದಕ್ಕೆಲ್ಲ ‘ಕಂಪ್ಯಾಟಿಬಲ್’ ಅಂತ ಒಂದೇ ಪದ. ಕನ್ನಡಕ್ಕೆ ತರುವವರು ಕಣ್ಣುಮುಚ್ಚಿಕೊಂಡು ‘ಹೊಂದಾಣಿಕೆ’ ಅಂತ ಹಾಕಿಬಿಡುತ್ತಾರೆ. ‘ಹೊಂದಾಣಿಕೆಯಾಗುವ ಮೀನುಗಳ ಪಟ್ಟಿ’. ನನಗೆ ಇದು ಸರಿ ಕಾಣುತ್ತಿಲ್ಲ. ಯಾಕೆ ಅಂತ ಹೇಳುತ್ತೇನೆ, ಆಮೇಲೆ ನೀವು ಹೇಳಿ.

ನಮ್ಮ ಬಳಕೆಯಲ್ಲಿ ಹೊಂದಾಣಿಕೆ ಅಂದರೆ ಇಬ್ಬರೂ ಸ್ವಲ್ಪ ಸ್ವಲ್ಪ ಬಗ್ಗುವುದು. ಅತ್ತೆ ಸೊಸೆ ಹೊಂದಾಣಿಕೆ ಮಾಡಿಕೊಂಡು ಹೋಗುತ್ತಾರೆ. ಪಕ್ಷಗಳು ಮಾಡಿಕೊಳ್ಳುತ್ತವೆ, ‘ಹೊಂದಾಣಿಕೆ ರಾಜಕೀಯ’ ಅಂತ ಪೇಪರಿನಲ್ಲಿ ಓದಿ ಓದಿ ಸಾಕಾಗಿದೆ ಅಲ್ವಾ. ಆದರೆ ಮೀನು ಬಗ್ಗುವುದಿಲ್ಲ. ಎರಡು ಗಂಡು ಫೈಟರ್‌ಗಳನ್ನು ಒಂದೇ ತೊಟ್ಟಿಗೆ ಬಿಟ್ಟು, ನಾಲ್ಕು ದಿನ ಕಚ್ಚಾಡಿ ಆಮೇಲೆ ಸರಿಹೋಗುತ್ತವೆ ಅಂತ ಕಾಯುವವರು ಇದ್ದಾರೆ. ಸರಿಹೋಗುವುದಿಲ್ಲ. ಒಂದು ಸಾಯುತ್ತದೆ, ಗೆದ್ದದ್ದರ ರೆಕ್ಕೆಯೂ ಚಿಂದಿಯಾಗಿ ಕೊಳೆಯಲು ಶುರುವಾಗುತ್ತದೆ. ಹೊಂದಾಣಿಕೆ ಅನ್ನುವ ಪದ ಹೀಗೆ ಕಾಯುವವರಿಗೆ ಸುಮ್ನೆ ಧೈರ್ಯ ಕೊಡುತ್ತದೆ ಅನ್ನುವುದು ನನ್ನ ಮೊದಲ ತಕರಾರು.

ಎರಡನೆಯದು, ಈ ಒಂದು ಪದದ ಅಡಿಯಲ್ಲಿ ಬೇರೆ ಬೇರೆ ಸಂಗತಿಗಳು ಸೇರಿಕೊಂಡಿವೆ. ಅಂಗಡಿಯಲ್ಲಿ ಜನ ಮಾತಾಡುವುದನ್ನು ಕೇಳಿ. ‘ಇದು ಅದರ ಜೊತೆ ಸೇರುತ್ತಾ?’ ‘ನಮ್ಮನೆ ಬೋರ್ ನೀರು ಇದಕ್ಕೆ ಆಗಿಬರುತ್ತಾ?’ ‘ಇನ್ನೂ ಒಗ್ಗಿಲ್ಲ ಸಾರ್, ನಿನ್ನೆ ತಾನೇ ಬಂದಿದೆ.’ ಸೇರು, ಆಗಿಬರು, ಒಗ್ಗು. ಮೂರಕ್ಕೂ ಮೂರು ಬೇರೆ ಅರ್ಥ, ಮೂರೂ ಬಾಯಲ್ಲಿ ಇರುವ ಮಾತು. ಇವನ್ನು ಬಿಟ್ಟು ಒಂದು ನಾಮಪದ ಯಾಕೆ ಹುಡುಕಬೇಕು?

‘ಸೇರು’ ಸ್ವಭಾವದ ಮಾತು. ಟೈಗರ್ ಬಾರ್ಬ್ ತಗೊಳ್ಳಿ. ನೋಡಲು ಚೆಂದ, ಚುರುಕು, ಆದರೆ ಉದ್ದ ರೆಕ್ಕೆಯ ಮೀನು ಕಂಡರೆ ಹಿಂದೆ ಬಿದ್ದು ಕಚ್ಚುತ್ತದೆ. ಗಪ್ಪಿ, ಏಂಜಲ್, ಫೈಟರ್ ಯಾವುದಕ್ಕೂ ಅದು ಸೇರುವುದಿಲ್ಲ. ಒಂದೋ ಎರಡೋ ಇಟ್ಟರೆ ಕಾಟ ಜಾಸ್ತಿ, ಆರು ಎಂಟು ಒಟ್ಟಿಗೆ ಇದ್ದರೆ ತಮ್ಮತಮ್ಮಲ್ಲೇ ಓಡಾಡಿಸಿಕೊಂಡು ಉಳಿದವರನ್ನು ಸ್ವಲ್ಪ ಮರೆಯುತ್ತವೆ. ಕೋರಿಡೋರಾಸ್, ನಿಯಾನ್ ಟೆಟ್ರಾ ಕೂಡ ಗುಂಪಿನವು, ಆದರೆ ಅವು ಪಾಪದವು. ಅವನ್ನು ಒಂಟಿಯಾಗಿ ಇಟ್ಟರೆ ಮೂಲೆಯಲ್ಲಿ ಅಡಗಿ, ಊಟ ಬಿಟ್ಟು, ಸೊರಗುತ್ತವೆ. ‘ಜೋಡಿ ಕೊಡಿ’ ಅಂತ ಕೇಳುವ ಅಭ್ಯಾಸ ಲವ್ ಬರ್ಡ್ಸ್ ಅಂಗಡಿಯಿಂದ ಬಂದಿರಬೇಕು. ಮೀನಿನಲ್ಲಿ ಬಹಳಷ್ಟಕ್ಕೆ ಜೋಡಿಗಿಂತ ಹಿಂಡು ಬೇಕು.

ಆದರೆ ‘ಸೇರು’ ಒಂದು ಕಡೆ ಕೈಕೊಡುತ್ತದೆ. ಏಂಜಲ್ ಜೊತೆ ನಿಯಾನ್ ಸೇರುತ್ತಾ ಅಂದರೆ, ಸೇರುತ್ತದೆ, ಹೊಟ್ಟೆಗೆ. ಇಲ್ಲಿ ಜಗಳವೇ ಇಲ್ಲ. ಏಂಜಲ್ ಮರಿಯಾಗಿದ್ದಾಗ ಎರಡೂ ಆರಾಮಾಗಿ ಇರುತ್ತವೆ, ಅದು ಅಂಗೈ ಅಗಲ ಆದಮೇಲೆ ದಿನಕ್ಕೊಂದು ನಿಯಾನ್ ಕಾಣೆಯಾಗುತ್ತದೆ. ಆಸ್ಕರ್ ಇನ್ನೂ ದೊಡ್ಡದು, ಒಂದು ಅಡಿ ಬೆಳೆಯುತ್ತದೆ, ಬಾಯಿಗೆ ಹಿಡಿಯುವ ಎಲ್ಲವೂ ಅದಕ್ಕೆ ಊಟ. ‘ಬಾಯಿಗೆ ಹಿಡಿಯುವ ಮೀನನ್ನು ಜೊತೆಗೆ ಬಿಡಬೇಡಿ’ ಅಂತ ಬರೆದಿದ್ದೇನೆ. ‘ಹಿಡಿಯುವ’ ಅಂದರೆ ಬಾಯಲ್ಲಿ ಕಚ್ಚಿ ಹಿಡಿಯುವುದು ಅಂತ ಯಾರಾದರೂ ಓದಿಕೊಳ್ಳುತ್ತಾರಾ? ಡಬ್ಬಿಯಲ್ಲಿ ಇಷ್ಟು ಅಕ್ಕಿ ಹಿಡಿಯುತ್ತದೆ ಅನ್ನುವ ಅರ್ಥದಲ್ಲಿ ಬರೆದದ್ದು.

ಇನ್ನು ‘ಆಗಿಬರು’. ನನಗೆ ಬಹಳ ಇಷ್ಟವಾದ ಮಾತು ಇದು. ಹೊಸ ಮನೆ ಆಗಿಬರಲಿಲ್ಲ, ಆ ಮಾತ್ರೆ ನನಗೆ ಆಗಿಬರಲ್ಲ ಅನ್ನುತ್ತೇವಲ್ಲ, ಅದೇ. ನೀರಿನ ವಿಷಯಕ್ಕೆ ಇದಕ್ಕಿಂತ ಒಳ್ಳೆಯ ಪದ ಸಿಗುವುದಿಲ್ಲ. ಬೆಂಗಳೂರಿನ ಬೋರ್‌ವೆಲ್ ನೀರು ಸಾಮಾನ್ಯವಾಗಿ ಗಡಸು. ಗಪ್ಪಿ, ಮೋಲಿ, ಪ್ಲಾಟಿಗೆ ಅದು ಚೆನ್ನಾಗಿ ಆಗಿಬರುತ್ತದೆ. ಅಮೆಜಾನ್ ಕಡೆಯ ನಿಯಾನ್ ಟೆಟ್ರಾಗೆ ಮೆದು ನೀರು ಬೇಕು, ಪಿಎಚ್ (ನೀರು ಹುಳಿಯೋ ಕ್ಷಾರವೋ ಅನ್ನುವ ಅಳತೆ) 6ರಿಂದ 7ರ ಒಳಗಿದ್ದರೆ ಒಳ್ಳೆಯದು. ಎರಡೂ ಸಾಧು ಮೀನುಗಳು, ಒಂದನ್ನೊಂದು ಮುಟ್ಟುವುದಿಲ್ಲ, ಪಟ್ಟಿಗಳಲ್ಲಿ ‘ಹೊಂದಾಣಿಕೆ ಇದೆ’ ಅಂತಲೇ ಇರುತ್ತದೆ. ಆದರೆ ಯಾವ ನೀರು ಹಾಕಿದರೂ ಇಬ್ಬರಲ್ಲಿ ಒಬ್ಬರಿಗೆ ಪೂರ್ತಿ ಆಗಿಬರುವುದಿಲ್ಲ. ಮೋಲಿಯನ್ನು ಮೆದು ನೀರಿಗೆ ಬಿಟ್ಟರೆ ನಿಂತಲ್ಲೇ ಮೈ ಅಲ್ಲಾಡಿಸುತ್ತಾ ನಿಲ್ಲುತ್ತದೆ. ಮಕ್ಕಳು ಡ್ಯಾನ್ಸ್ ಅಂದುಕೊಳ್ಳುತ್ತಾರೆ.

ಬಿಸಿಯ ಲೆಕ್ಕವೂ ಇದೇ. ಗೋಲ್ಡ್ ಫಿಶ್ ತಣ್ಣನೆ ನೀರಿನದು, 18ರಿಂದ 22 ಡಿಗ್ರಿಯಲ್ಲಿ ಸುಖವಾಗಿರುತ್ತದೆ. ಫೈಟರ್‌ಗೆ 25ರಿಂದ 28 ಬೇಕು. ಜನವರಿಯಲ್ಲಿ ಬೆಂಗಳೂರಿನ ರಾತ್ರಿ 15, 16ಕ್ಕೆ ಇಳಿಯುತ್ತದೆ, ಆಗ ಹೀಟರ್ ಇಲ್ಲದ ಫೈಟರ್ ತಳ ಹಿಡಿದು ಮಲಗುತ್ತದೆ. ಮಂಗಳೂರಿನವರಿಗೆ ಈ ತಲೆನೋವು ಕಡಿಮೆ, ಅಲ್ಲಿ ಬೇಸಿಗೆಯಲ್ಲಿ ಗೋಲ್ಡ್ ಫಿಶ್ ಕಷ್ಟಪಡುತ್ತದೆ. ಹೀಟರ್ ಬೇಡ ಅನ್ನುವ ಬೆಂಗಳೂರಿನವರಿಗೆ ನಾನು ಹೇಳುವುದು ಜೀಬ್ರಾ ಡ್ಯಾನಿಯೋ, ರೋಸಿ ಬಾರ್ಬ್. ಎರಡೂ ನಮ್ಮ ದೇಶದ ಮೀನುಗಳೇ, ಚಳಿ ತಡೆಯುತ್ತವೆ.

ಡ್ಯಾನಿಯೋ ಅಂದಾಗ ನೆನಪಾಯಿತು, ಪದಗಳ ಮೇಲೆ ಪ್ರೀತಿ ಇರುವವರಿಗೆ ಇಷ್ಟವಾಗಬಹುದು. ಟಿಪ್ಪು ಸತ್ತ ಮೇಲೆ 1800–01ರಲ್ಲಿ ಮೈಸೂರು ಸೀಮೆಯನ್ನೆಲ್ಲ ಸುತ್ತಿ ವರದಿ ಬರೆದ ಫ್ರಾನ್ಸಿಸ್ ಬುಕಾನನ್ ಇದ್ದಾರಲ್ಲ, ಅವರೇ ಮುಂದೆ ಹ್ಯಾಮಿಲ್ಟನ್ ಅನ್ನುವ ಹೆಸರು ಸೇರಿಸಿಕೊಂಡು 1822ರಲ್ಲಿ ಗಂಗೆಯ ಮೀನುಗಳ ಬಗ್ಗೆ ಬರೆದರು. ಜೀಬ್ರಾ ಡ್ಯಾನಿಯೋಗೆ ಲ್ಯಾಟಿನ್ ಶಾಸ್ತ್ರೀಯ ಹೆಸರು ಇಟ್ಟವರು ಅವರೇ. ಡ್ಯಾನಿಯೋ, ಕಾಟ್ಲಾ, ರೋಹಿತ ಇಂಥ ಹೆಸರುಗಳನ್ನು ಅವರು ಬಂಗಾಳದ ಕಡೆಯ ಜನ ಕರೆಯುತ್ತಿದ್ದ ಹೆಸರುಗಳಿಂದಲೇ ಎತ್ತಿಕೊಂಡರು. ಲ್ಯಾಟಿನ್ನಿಗೇ ಬಂಗಾಳಿ ಆಗಿಬಂತು, ನಮ್ಮ ಚೀಟಿಗೆ ಕನ್ನಡ ಆಗಿಬರುವುದಿಲ್ಲವಾ!

‘ಒಗ್ಗು’ ಬೇರೆ. ಹೊಸ ಮೀನು ತಂದಾಗ ಕವರನ್ನು ಹದಿನೈದು ಇಪ್ಪತ್ತು ನಿಮಿಷ ತೊಟ್ಟಿಯಲ್ಲಿ ತೇಲಿಸುವುದು, ಆಮೇಲೆ ತೊಟ್ಟಿಯ ನೀರನ್ನು ಸ್ವಲ್ಪ ಸ್ವಲ್ಪವೇ ಕವರಿಗೆ ಹಾಕುತ್ತಾ ಹೋಗುವುದು, ಕೊನೆಗೆ ಮೀನನ್ನು ಮಾತ್ರ ಬಲೆಯಲ್ಲಿ ಎತ್ತಿ ಬಿಟ್ಟು ಅಂಗಡಿಯ ನೀರನ್ನು ಚೆಲ್ಲಿಬಿಡುವುದು, ಇದಿಷ್ಟನ್ನೂ ‘ನೀರಿಗೆ ಒಗ್ಗಿಸುವುದು’ ಅಂದರೆ ಸಾಕು. ಎರಡು ಮೂರು ವಾರ ಬೇರೆ ಟಬ್‌ನಲ್ಲಿಟ್ಟು ನೋಡಿ ಆಮೇಲೆ ಬಿಟ್ಟರೆ ಇನ್ನೂ ಒಳ್ಳೆಯದು, ಮೈಮೇಲೆ ಉಪ್ಪಿನ ಕಾಳಿನಂಥ ಬಿಳಿ ಚುಕ್ಕೆ ಬರುವ ರೋಗ ಮನೆ ಸೇರುವುದು ಹೀಗೆ ನೋಡದೆ ನೇರವಾಗಿ ಬಿಟ್ಟಾಗಲೇ. ಒಗ್ಗಿಸಿದ ಮಾತ್ರಕ್ಕೆ ಆಗಿಬರುವುದಿಲ್ಲ ಅನ್ನುವುದನ್ನು ಚೀಟಿಯಲ್ಲಿ ದಪ್ಪಕ್ಷರದಲ್ಲಿ ಹಾಕಿದ್ದೇನೆ. ಮೂರು ಗಂಟೆ ಒಗ್ಗಿಸಿದರೂ ಗೋಲ್ಡ್ ಫಿಶ್ ಬಿಸಿನೀರಿನ ಮೀನಾಗುವುದಿಲ್ಲ.

ಈಗ ನಿಜವಾಗಿ ಸಹಾಯ ಬೇಕಾದ ಜಾಗ. ಹೊಸ ತೊಟ್ಟಿಗೆ ನೀರು ತುಂಬಿ ಮಾರನೇ ದಿನವೇ ಮೀನು ಬಿಟ್ಟರೆ ಸಾಯುತ್ತವೆ. ಮೀನಿನ ಹಿಕ್ಕೆಯಿಂದ, ಮಿಕ್ಕ ಊಟದಿಂದ ಅಮೋನಿಯಾ ಬರುತ್ತದೆ. ಅದನ್ನು ನೈಟ್ರೈಟ್ ಮಾಡಿ, ಅದನ್ನು ಮತ್ತೆ ಅಷ್ಟೇನೂ ಕೆಡುಕಿಲ್ಲದ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳು ಫಿಲ್ಟರ್ ಸ್ಪಂಜಿನಲ್ಲಿ ನೆಲೆಯೂರಬೇಕು. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಇದಕ್ಕೆ ಹವ್ಯಾಸಿಗಳು ‘ಸೈಕ್ಲಿಂಗ್’ ಅನ್ನುತ್ತಾರೆ. ಚೀಟಿಯಲ್ಲಿ ‘ಆರು ವಾರ ಸೈಕ್ಲಿಂಗ್ ಮಾಡಿ’ ಅಂತ ಬರೆದರೆ ಓದಿದವನು ತೂಕ ಇಳಿಸಿಕೊಂಡು ಬಂದಾನು. ‘ಚಕ್ರೀಕರಣ’ ಅಂತ ಒಬ್ಬರು ಸೂಚಿಸಿದರು, ಬೇಡ. ಹೊಸ ದೋಸೆ ಕಾವಲಿಯನ್ನು ಪಳಗಿಸುತ್ತೇವಲ್ಲ, ಹಾಗೆ ‘ತೊಟ್ಟಿ ಪಳಗಿಸುವುದು’ ಅನ್ನೋಣ ಅಂತ ನನ್ನ ಆಸೆ. ಪಳಗಿದ ಸ್ಪಂಜನ್ನು ನಲ್ಲಿ ಕೆಳಗೆ ತಿಕ್ಕಿ ತೊಳೆದರೆ ಕ್ಲೋರಿನ್‌ಗೆ ಬ್ಯಾಕ್ಟೀರಿಯಾ ಸತ್ತು ಎಲ್ಲ ಮೊದಲಿನಿಂದ ಶುರು, ತೊಟ್ಟಿಯಿಂದ ತೆಗೆದ ಹಳೆ ನೀರಿನಲ್ಲೇ ಅದ್ದಿ ಹಿಂಡಬೇಕು ಅಂತ ಹೇಳುವುದೂ ಆಗ ಸುಲಭ. ಗೆಳೆಯನ ಆಕ್ಷೇಪ ಏನೆಂದರೆ, ಪಳಗಿಸುವುದು ಆನೆಯನ್ನು, ಜನ ಮೀನನ್ನು ಪಳಗಿಸಬೇಕು ಅಂದುಕೊಳ್ಳುತ್ತಾರೆ. ನಿಮಗೇನನ್ನಿಸುತ್ತದೆ? ‘ಹದ ಮಾಡು’ ಆಗುತ್ತದಾ?

ಇನ್ನೆರಡು ಸಣ್ಣವು. ಆರೋಗ್ಯ ಇಲಾಖೆಯವರು ಸೊಳ್ಳೆ ತಡೆಯಲು ನೀರಿಗೆ ಬಿಡುವ ಗಪ್ಪಿ, ಗಂಬೂಸಿಯಾಗಳಿಗೆ ‘ಲಾರ್ವಾಹಾರಿ ಮೀನು’ ಅನ್ನುತ್ತಾರೆ. ಹಳ್ಳಿಗಳಲ್ಲಿ ಬರೀ ‘ಸೊಳ್ಳೆ ಮೀನು’ ಅಂದರೆ ತಿಳಿಯುತ್ತದಾ? ಗಂಬೂಸಿಯಾ ಹೆಣ್ಣು ಗಪ್ಪಿ ಥರವೇ ಕಾಣುತ್ತದೆ, ಜನ ಬಾವಿಯಿಂದ ಹಿಡಿದು ತಂದು ತೊಟ್ಟಿಗೆ ಹಾಕುತ್ತಾರೆ, ಅದು ಉಳಿದವುಗಳ ರೆಕ್ಕೆ ಕಿತ್ತು ಹಾಕುತ್ತದೆ. ಹಾಗಾಗಿ ಹೆಸರು ಬೇಕು. ಇನ್ನೊಂದು, ಅಂಗಡಿಗಳಲ್ಲಿ ‘ಟ್ಯಾಂಕ್ ಕ್ಲೀನರ್’ ಅಂತ ಮಾರುವ ಸಕ್ಕರ್. ಅದು ಪಾಚಿ ತಿನ್ನುತ್ತದೆ ನಿಜ, ಆದರೆ ಒಂದು ಅಡಿಗೂ ಮೀರಿ ಬೆಳೆದು, ತಿಂದದ್ದಕ್ಕಿಂತ ಹೆಚ್ಚು ಗಲೀಜು ಮಾಡುತ್ತದೆ. ದೊಡ್ಡದಾದ ಮೇಲೆ ಕೆರೆಗೆ ಬಿಡುವವರೇ ಜಾಸ್ತಿ, ದೇಶದ ಎಷ್ಟೋ ಕೆರೆ ಹೊಳೆಗಳಲ್ಲಿ ಅದು ಈಗ ಬೇರೂರಿದೆ. ನಾನು ‘ಗಾಜು ನೆಕ್ಕುವ ಮೀನು’ ಅಂತ ಬರೆದಿದ್ದೇನೆ. ಕ್ಲೀನರ್ ಅನ್ನುವ ಹೊಗಳಿಕೆ ಅದಕ್ಕೆ ಬೇಡ.

ಕೊನೆಯದಾಗಿ, ಬಾರ್ಬ್‌ಗಳಿಗೆ ‘ಗೆಂಡೆ’ ಅನ್ನಬಹುದು ಅಂತ ನನ್ನ ಅಂದಾಜು. ಕೆರೆಯ ಗೆಂಡೆಯೂ ಇವೂ ಒಂದೇ ಕುಟುಂಬದವು. ಟೈಗರ್ ಬಾರ್ಬ್ ಆಗ ‘ಹುಲಿಗೆಂಡೆ’. ಮಲೆನಾಡಿನವರು, ಕಾವೇರಿ ದಂಡೆಯವರು, ಉತ್ತರ ಕರ್ನಾಟಕದವರು ನಿಮ್ಮ ಕಡೆ ಗೆಂಡೆ ಅಂದರೆ ಯಾವ ಮೀನು, ಎಷ್ಟು ದೊಡ್ಡದು ಅಂತ ತಿಳಿಸಿ. ದೊಡ್ಡ ಸಾರಿನ ಮೀನಿಗೆ ಆ ಹೆಸರು ಇದ್ದರೆ ಚೀಟಿಯಲ್ಲಿ ‘ಹುಲಿಗೆಂಡೆ, ಎರಡೂವರೆ ಇಂಚು’ ಅಂತ ಅಳತೆಯನ್ನೂ ಸೇರಿಸಿ ಹಾಕುತ್ತೇನೆ.