ಬೀದರ್, ಯಾದಗಿರಿ ಸಾಲುಗಳೇ ಯಾಕೆ ವಾಪಸ್ ಬರುತ್ತಿವೆ?

ಪ್ರಶ್ನೆ (ಕಲಬುರಗಿ):
ನಮಸ್ಕಾರ ಸರ್. ನಾನು ಇಲ್ಲಿ ಒಂದು ಸಹಕಾರ ಸಂಘದಲ್ಲಿ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತೇನೆ. ತೊಗರಿ ಕೊಟ್ಟ ರೈತರ ಖಾತೆಗೆ ದುಡ್ಡು ಹಾಕಲು ಒರಾಕಲ್ ಡೇಟಾಬೇಸಿನಿಂದ ಟೆಕ್ಸ್ಟ್ ಫೈಲ್ ತೆಗೆದು ಬ್ಯಾಂಕಿಗೆ ಕಳಿಸಬೇಕು. ಪ್ರತಿ ಸಾಲೂ ಸರಿಯಾಗಿ 120 ಅಕ್ಷರ ಇರಬೇಕಂತೆ: ಖಾತೆ ನಂಬರ್ 16, ಹೆಸರು 40, ಮೊತ್ತ 12, ಊರು 42, ಕೊನೆಗೆ ಜಿಲ್ಲೆ 10. ಎಲ್ಲ ಇಂಗ್ಲಿಷ್ ಅಕ್ಷರದಲ್ಲೇ. ಕಡಿಮೆ ಬಿದ್ದಲ್ಲಿ ಸ್ಪೇಸ್ ತುಂಬಬೇಕು. ಹೆಸರು, ಊರು, ಜಿಲ್ಲೆಗೆ ಆರ್‌ಪ್ಯಾಡ್ (ಬಲಗಡೆ ಸ್ಪೇಸ್ ತುಂಬುವ ಫಂಕ್ಷನ್) ಹಾಕಿ ಎಲ್ಲವನ್ನೂ ಒಂದೇ ಸಾಲಾಗಿ ಜೋಡಿಸಿದ್ದೇನೆ, ಒರಾಕಲ್‌ನ ಕಮಾಂಡ್ ಟೂಲ್ ಎಸ್‌ಕ್ಯೂಎಲ್ ಪ್ಲಸ್‌ನಲ್ಲಿ ಸ್ಪೂಲ್ ಮಾಡಿ ಫೈಲಿಗೆ ಬರೆಸುತ್ತೇನೆ. ಆದರೂ 'ಸಾಲಿನ ಉದ್ದ ತಪ್ಪು' ಅಂತ ವಾಪಸ್. ವಿಚಿತ್ರ ಏನಂದ್ರೆ ಕಲಬುರಗಿ ರೈತರ ಸಾಲು ಒಂದೂ ವಾಪಸ್ ಬಂದಿಲ್ಲ, ಬಂದಿದ್ದೆಲ್ಲ ಬೀದರ್, ಯಾದಗಿರಿಯವರದ್ದೇ. ಆ ಕಡೆಯವರು ಡೇಟಾ ಕೆಡಿಸಿದ್ದಾರೆ ಅಂತ ನಮ್ಮ ಮ್ಯಾನೇಜರ್ ಫೋನ್ ಮಾಡಿ ಬೈಯುತ್ತಿದ್ದಾರೆ.

ಉತ್ತರ:
ಮೊದಲು ಆ ಫೋನ್ ನಿಲ್ಲಿಸಿ ರೀ. ಇಂಗ್ಲಿಷ್‌ನಲ್ಲಿ ಕಲಬುರಗಿ ಅಂತ ಬರೆದು ಎಣಿಸಿ. ಸರಿಯಾಗಿ 10 ಅಕ್ಷರ, ಅಂದರೆ ಸ್ಪೇಸೇ ಬೇಡ. ಬೀದರ್ 5, ಯಾದಗಿರಿಯನ್ನು ಸರ್ಕಾರಿ ಕಾಗದದಲ್ಲಿ ಬರೆಯುವ ಹಾಗೆ ಬರೆದರೆ 6. ಆ ಸಾಲುಗಳ ತುದಿಯಲ್ಲಿ 5, 4 ಸ್ಪೇಸ್ ಇರಬೇಕಿತ್ತು, ಅವು ಉದುರಿ ಹೋಗಿ ಸಾಲು 115, 116ಕ್ಕೆ ನಿಂತಿದೆ. (2014ರ ನವೆಂಬರ್‌ಗೆ ಮುಂಚೆ, ಗುಲ್ಬರ್ಗಾ ಇದ್ದಾಗ ಆಗಿದ್ದರೆ ಅದಕ್ಕೆ 8 ಅಕ್ಷರ. ಮೂರೂ ಜಿಲ್ಲೆ ವಾಪಸ್ ಬರುತ್ತಿತ್ತು, ಯಾರೂ ಯಾರನ್ನೂ ಬೈಯುತ್ತಿರಲಿಲ್ಲ.)

ನಿಮ್ಮ ಆರ್‌ಪ್ಯಾಡ್ ತನ್ನ ಕೆಲಸ ಮಾಡಿದೆ. ಸ್ಪೇಸ್ ಹೋಗುತ್ತಿರುವುದು ಫೈಲಿಗೆ ಬರೆಯುವಾಗ. ಸ್ಕ್ರಿಪ್ಟಿನ ಮೇಲ್ಗಡೆ 'ಸೆಟ್ ಟ್ರಿಮ್‌ಸ್ಪೂಲ್ ಆನ್' ಅಂತ ಒಂದು ಸಾಲು ಇದೆಯಾ ನೋಡಿ, ಇದ್ದೇ ಇರುತ್ತದೆ. ಸಾಲಿನ ಬಾಲದ ಸ್ಪೇಸ್ ಕತ್ತರಿಸುವುದು ಅದೇ. ಸುಮ್ನೆ ಇದ್ದರೆ ಅದು ಆಫ್, ಆದರೆ ಎಲ್ಲರೂ ಹಳೇ ಸ್ಕ್ರಿಪ್ಟಿನಿಂದ ಆ ನಾಲ್ಕು ಸಾಲು ಎತ್ತಿಕೊಂಡು ಬರುತ್ತಾರೆ, ನಾನೂ ಅದೇ ಮಾಡಿದವನೇ. ಅದನ್ನು ಆಫ್ ಮಾಡಿ. ಜೊತೆಗೆ ಲೈನ್‌ಸೈಜ್ 120 ಅಂತಲೇ ಇಡಿ. ಟ್ರಿಮ್‌ಸ್ಪೂಲ್ ಆಫ್ ಇದ್ದರೆ ಅದು ಲೈನ್‌ಸೈಜ್‌ವರೆಗೂ ಸ್ಪೇಸ್ ತುಂಬುತ್ತದೆ, 200 ಇಟ್ಟರೆ ಸಾಲು 200 ಆಗುತ್ತದೆ. ಏನೂ ಕೊಡದಿದ್ದರೆ 80, ಆಗ ಒಂದು ಸಾಲು ಮುರಿದು ಎರಡಾಗುತ್ತದೆ. ಪೇಜ್‌ಸೈಜ್ 0 (ತಲೆಬರಹ ಬರದಂತೆ), ಫೀಡ್‌ಬ್ಯಾಕ್ ಆಫ್ (ಎಷ್ಟು ಸಾಲು ಬಂತೆಂಬ ಲೆಕ್ಕ ಬರದಂತೆ), ಟ್ಯಾಬ್ ಆಫ್ ಕೂಡ ಹಾಕಿ. ಈ ಕೊನೇದನ್ನು ಜನ ಮರೆಯುತ್ತಾರೆ, ಅದು ಆನ್ ಇದ್ದರೆ ಸ್ಪೇಸ್ ಜಾಗದಲ್ಲಿ ಟ್ಯಾಬ್ ನುಗ್ಗಬಹುದು, ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ.

ಮತ್ತೆ ಕೇಳಿದ್ದು (ಕಲಬುರಗಿ):
ಇತ್ತು ಸರ್, ಆನ್ ಇತ್ತು! ಆಫ್ ಮಾಡಿದೆ, ಈಗ ಎಲ್ಲ ಸಾಲೂ 120, ಎಣಿಸಿ ನೋಡಿದೆ. ಆದರೆ 14 ಸಾಲು ಈಗ 'ಜಿಲ್ಲೆ ಇಲ್ಲ' ಅಂತ ವಾಪಸ್ ಬಂದಿವೆ. ಫೈಲ್ ತೆಗೆದು ನೋಡಿದರೆ ಜಿಲ್ಲೆ ಇದೆ! ಅವೂ ಬೀದರ್‌ನವೇ.

ಉತ್ತರ:
ಇದೆ, ಆದರೆ ಎಲ್ಲಿದೆ? ಜಿಲ್ಲೆ 111ನೇ ಜಾಗದಿಂದ ಶುರುವಾಗಬೇಕು. ಆ 14 ಸಾಲಲ್ಲಿ 69ರಿಂದ ಶುರುವಾಗಿರುತ್ತದೆ, ಊರಿನ ಜಾಗದಲ್ಲಿ ಕೂತಿರುತ್ತದೆ. ಅವರ ಊರು ಖಾಲಿ ಬಿಟ್ಟಿದ್ದಾರೆ. ಒರಾಕಲ್‌ನಲ್ಲಿ ಖಾಲಿ ಅಂದರೆ ನಲ್ (ಏನೂ ಇಲ್ಲ ಅಂತ), ನಲ್‌ಗೆ ಆರ್‌ಪ್ಯಾಡ್ ಹಾಕಿದರೂ ನಲ್ಲೇ, 42 ಸ್ಪೇಸ್ ಬರುವುದಿಲ್ಲ. ಆಮೇಲೆ ಟ್ರಿಮ್‌ಸ್ಪೂಲ್ ಆಫ್ ಇರುವುದರಿಂದ ಬಾಲಕ್ಕೆ ಸ್ಪೇಸ್ ತುಂಬಿ 120 ಮಾಡಿಬಿಡುತ್ತದೆ, ತಪ್ಪು ಮುಚ್ಚಿಹೋಗುತ್ತದೆ. ಅದಕ್ಕೇ ಬರೀ ಉದ್ದ ಎಣಿಸಿ ನಂಬಬೇಡಿ ಅಂತ ನಾನು ಹೇಳೋದು.

ಎನ್‌ವಿಎಲ್ ಹಾಕಿ, ನಲ್ ಇದ್ದರೆ ಒಂದು ಸ್ಪೇಸ್ ಕೊಡಿ, ಅದರ ಮೇಲೆ ಆರ್‌ಪ್ಯಾಡ್. ಕೋಟ್‌ಗಳ ನಡುವೆ ನಿಜವಾಗಿ ಒಂದು ಸ್ಪೇಸ್ ಹೊಡೆಯಬೇಕು, ಬರೀ ಎರಡು ಕೋಟ್ ಒಟ್ಟಿಗೆ ಬರೆದರೆ ಒರಾಕಲ್ ಅದನ್ನೂ ನಲ್ ಅಂತಲೇ ಲೆಕ್ಕ ಹಿಡಿಯುತ್ತದೆ. ಪರೀಕ್ಷೆ ಮಾಡಲು ಲಿನಕ್ಸ್‌ನಲ್ಲಿ ಕಟ್ ಕಮಾಂಡ್‌ನಿಂದ 111-120 ಮಾತ್ರ ಕತ್ತರಿಸಿ, ಸಾರ್ಟ್ ಮಾಡಿ, ಯೂನಿಕ್‌ನಿಂದ ಎಣಿಸಿ. ಮೂರು ಜಿಲ್ಲೆ ಮೂರೇ ಸಾಲು ಬರಬೇಕು. ನಾಲ್ಕನೆಯದೊಂದು ಖಾಲಿ ಸಾಲು ಬಂದರೆ ಎಲ್ಲೋ ಜಾರಿದೆ ಅಂತ ಅರ್ಥ. ಮೊತ್ತವನ್ನು ಟೆಕ್ಸ್ಟ್ ಮಾಡಲು ಟು-ಚಾರ್ ಬಳಸಿದ್ದರೆ ಅದರ ನಮೂನೆಯಲ್ಲಿ ಎಫ್‌ಎಂ ಹಾಕಿದ್ದೀರಾ ನೋಡಿ, ಇಲ್ಲದಿದ್ದರೆ ಮೈನಸ್ ಗುರುತಿಗೆ ಅಂತ ಮುಂದೆ ಒಂದು ಜಾಗ ಬಿಡುತ್ತದೆ.

ಇನ್ನೊಬ್ಬರು (ಬೀದರ್):
ನಮ್ಮ ಮರ್ಯಾದೆ ಉಳಿಸಿದ್ರಿ ಸರ್. ನಮ್ಮಲ್ಲಿ ಡೇಟಾಬೇಸ್ ಮೈಎಸ್‌ಕ್ಯೂಎಲ್. ಕಾಲಮ್ಮನ್ನೇ ಚಾರ್ 10 (ಯಾವಾಗಲೂ 10 ಅಕ್ಷರದ ನಮೂನೆ) ಮಾಡಿದರೆ ಸ್ಪೇಸ್ ತಾನಾಗೇ ಬರುತ್ತದಲ್ವಾ?

ಉತ್ತರ:
ಬರಲ್ಲ. ಅದು ಇಡುವಾಗ ಸ್ಪೇಸ್ ತುಂಬುತ್ತದೆ, ಕೊಡುವಾಗ ಕಿತ್ತು ಕೊಡುತ್ತದೆ. ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲೂ ಚಾರ್ ಕಾಲಮ್ಮನ್ನು ಬೇರೆ ಟೆಕ್ಸ್ಟಿಗೆ ಜೋಡಿಸಿದ ಕೂಡಲೇ ಬಾಲದ ಸ್ಪೇಸ್ ಹೋಗುತ್ತದೆ. ಕಾಲಮ್ಮಿನ ನಮೂನೆ ನಂಬಿ ಕೂರಬೇಡಿ, ಕ್ವೆರಿಯಲ್ಲೇ ಆರ್‌ಪ್ಯಾಡ್ ಹಾಕಿ. ಮತ್ತೆ ಆರ್‌ಪ್ಯಾಡ್ ಉದ್ದ ಜಾಸ್ತಿ ಇದ್ದರೆ ಹೇಳದೆ ಕೇಳದೆ ಕತ್ತರಿಸುತ್ತದೆ, ಉದ್ದ ಹೆಸರಿನ ರೈತರನ್ನು ಒಮ್ಮೆ ನೋಡಿಕೊಳ್ಳಿ.

ಇನ್ನೊಬ್ಬರು (ಯಾದಗಿರಿ):
ಹೆಸರು ಕನ್ನಡದಲ್ಲೇ ಹಾಕಿದರೆ?

ಉತ್ತರ:
ಆಗ 120 ಅಂದರೆ ಅಕ್ಷರವೋ ಬೈಟೋ ಅಂತ ಬ್ಯಾಂಕನ್ನು ಮೊದಲೇ ಕೇಳಿ. 'ಕಲಬುರಗಿ' ನಮ್ಮ ಕಣ್ಣಿಗೆ 5 ಅಕ್ಷರ. ಯೂನಿಕೋಡ್‌ನಲ್ಲಿ ಉ-ಕಾರ, ಇ-ಕಾರ ಬೇರೆ ಬೇರೆ, ಹಾಗಾಗಿ 7. ಯುಟಿಎಫ್-8 ಫೈಲಿನಲ್ಲಿ ಒಂದೊಂದಕ್ಕೆ 3 ಬೈಟ್, ಒಟ್ಟು 21. ಅವರು ಬೈಟ್ ಅಂದರೆ ಆರ್‌ಪ್ಯಾಡ್ ಒಂದರಿಂದಲೇ ಆಗುವುದಿಲ್ಲ, ಲೆಂತ್‌ಬಿ ಹಾಕಿ ಬೈಟ್ ಎಣಿಸಿ ಉಳಿದಷ್ಟು ಸ್ಪೇಸ್ ನೀವೇ ಸೇರಿಸಬೇಕು.

ಮತ್ತೆ (ಕಲಬುರಗಿ):
14 ಸಾಲೂ ಹೋಯಿತು ಸರ್, ದುಡ್ಡು ಜಮಾ ಆಯಿತು. ಊರು ಖಾಲಿ ಬಿಟ್ಟವರು ಯಾರು ಅಂತ ತೆಗೆದು ನೋಡಿದೆ. ರೈತರು ಬೀದರ್‌ನವರು, ಆದರೆ ಟೈಪ್ ಮಾಡಿದ್ದು ನಮ್ಮ ಕಲಬುರಗಿ ಕೌಂಟರಿನಲ್ಲಿ, ನನ್ನದೇ ಲಾಗಿನ್. ಮ್ಯಾನೇಜರಿಗೆ ಇನ್ನೂ ಹೇಳಿಲ್ಲ.