ಸೈಟೊಕೈನ್‌ಗೆ ‘ಕರೆ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಸೋಂಕಿನ ಬಗ್ಗೆ ಕನ್ನಡದಲ್ಲಿ ಒಂದು ಸಣ್ಣ ಪುಸ್ತಿಕೆ ಬರೆಯುತ್ತಿದ್ದೇನೆ. ಜೀವಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಹೊರಬಿಡುವ ಪ್ರೋಟೀನ್‌ಗಳಿಗೆ ಸೈಟೊಕೈನ್ ಅನ್ನುತ್ತಾರೆ. ಆ ಪದ ಬರುವ ಕಡೆಯೆಲ್ಲ ‘ರೋಗನಿರೋಧಕ ಪ್ರೋಟೀನ್’ ಎಂದು ಬರೆದಿದ್ದೆ. ಕರಡು ಓದಿದ ಗೆಳತಿ, “ಬ್ಯಾಕ್ಟೀರಿಯಾವನ್ನು ಕೊಲ್ಲೋದು ಈ ಪ್ರೋಟೀನೇ ಅಲ್ವಾ?” ಎಂದರು. ಹಾಗಲ್ಲ. ಆದರೆ ನಾನು ಬಳಸಿದ ಪದ ಹಾಗೆಯೇ ಹೇಳುತ್ತದೆ. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ.

ಚರ್ಮ ಗೀರಿ ಬ್ಯಾಕ್ಟೀರಿಯಾ ಒಳಗೆ ಹೊಕ್ಕವು ಅನ್ನಿ. ಅಲ್ಲೇ ಇರುವ ಮ್ಯಾಕ್ರೊಫೇಜ್ ಎಂಬ ಜೀವಕೋಶಗಳು ಅವುಗಳ ಗುರುತು ಹಿಡಿದು ಸೈಟೊಕೈನ್‌ಗಳನ್ನು ಹೊರಬಿಡುತ್ತವೆ. ಅದರಲ್ಲಿ ಟಿಎನ್‌ಎಫ್ ಎಂಬುದು ಹತ್ತಿರದ ರಕ್ತನಾಳದ ಗೋಡೆಯನ್ನು ಸಡಿಲಿಸುತ್ತದೆ, ಬಿಳಿ ರಕ್ತಕಣಗಳು ಅಂಟಿಕೊಳ್ಳುವ ಹಾಗೆ ಮಾಡುತ್ತದೆ. ಇಂಟರ್‌ಲ್ಯೂಕಿನ್-8 ಎಂಬ ಇನ್ನೊಂದು ಸೈಟೊಕೈನ್, ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳನ್ನು ಗಾಯದ ಕಡೆಗೆ ಸೆಳೆಯುತ್ತದೆ. ಇಂಟರ್‌ಲ್ಯೂಕಿನ್-1 ಮತ್ತು 6ರ ಸುದ್ದಿ ಮೆದುಳಿಗೂ ಮುಟ್ಟಿ ಜ್ವರ ಬರುತ್ತದೆ. ನುಂಗಿ ಕೊಲ್ಲುವ ಕೆಲಸ ಮಾತ್ರ ಜೀವಕೋಶಗಳದು. ಇದೆಲ್ಲ ಸೇರಿ ಆಗುವುದಕ್ಕೆ ನಮ್ಮಲ್ಲಿ ‘ಉರಿಯೂತ’ ಎಂಬ ಪದವಿದೆ. ಉರಿಯೂ ಇದೆ, ಊತವೂ ಇದೆ, ಎಷ್ಟು ಚೆನ್ನಾಗಿದೆ ನೋಡಿ! ಸೈಟೊಕೈನ್‌ಗೂ ಅಂಥದ್ದೊಂದು ಸಿಗಬೇಕು ಅನ್ನುವುದು ನನ್ನ ಆಸೆ.

‘ಸಂಕೇತ ಪ್ರೋಟೀನ್’ ಎಂದು ಬದಲಿಸಿ ನೋಡಿದೆ. ಸಮಾಧಾನವಾಗಲಿಲ್ಲ. ಸಂಕೇತ ಅಂದರೆ ಚಿಹ್ನೆ, ಅದನ್ನು ನೋಡಿಯೂ ಸುಮ್ನೆ ಇರಬಹುದು. ಇಲ್ಲಿ ಹಾಗಿಲ್ಲ. ಕ್ಷಯವನ್ನೇ ತೆಗೆದುಕೊಳ್ಳಿ. ಮ್ಯಾಕ್ರೊಫೇಜ್ ಕ್ಷಯದ ಬ್ಯಾಕ್ಟೀರಿಯಾವನ್ನು ನುಂಗುತ್ತದೆ, ಆದರೆ ಎಷ್ಟೋ ಸಲ ಕೊಲ್ಲಲಾರದೆ ಹೊಟ್ಟೆಯಲ್ಲೇ ಇಟ್ಟುಕೊಂಡಿರುತ್ತದೆ. ಟಿ ಜೀವಕೋಶಗಳೆಂಬ ಬಿಳಿ ರಕ್ತಕಣಗಳು ಇಂಟರ್‌ಫೆರಾನ್-ಗಾಮ ಎಂಬ ಸೈಟೊಕೈನ್ ಬಿಟ್ಟಾಗ ಅದಕ್ಕೆ ಕೊಲ್ಲುವ ಕಸುವು ಬರುತ್ತದೆ. ಜೀವಕೋಶದ ಮೇಲಿದ್ದು ಈ ಇಂಟರ್‌ಫೆರಾನನ್ನು ಹಿಡಿಯುವ ಪ್ರೋಟೀನ್, ಅಂದರೆ ರಿಸೆಪ್ಟರ್, ಹುಟ್ಟಿನಿಂದಲೇ ಕೆಲಸ ಮಾಡದ ಮಕ್ಕಳಿದ್ದಾರೆ, ತೀರಾ ಅಪರೂಪಕ್ಕೆ. ಅಂಥವರಲ್ಲಿ ಕ್ಷಯ ತಡೆಯಲು ಕೊಡುವ ಬಿಸಿಜಿ ಲಸಿಕೆಯ ಬಲ ಕುಂದಿಸಿದ ಬ್ಯಾಕ್ಟೀರಿಯಾ ಕೂಡ ಮೈಯೆಲ್ಲ ಹರಡಿ ಜೀವಕ್ಕೆ ಕುತ್ತಾಗಬಹುದು. ನುಂಗುವ ಜೀವಕೋಶಗಳೇನೋ ಇವೆ. ಅವಕ್ಕೆ ಕೇಳಿಸುವುದಿಲ್ಲ.

‘ಕೇಳಿಸುವುದಿಲ್ಲ’ ಎಂದು ಬರೆದಾಗಲೇ ‘ಕರೆ’ ಹೊಳೆದದ್ದು. ‘ಹೋರಾಟಕ್ಕೆ ಕರೆ ಕೊಟ್ಟರು’ ಅನ್ನುತ್ತೇವಲ್ಲ, ಆ ಕರೆ. ಕೇಳಿದವರು ಎದ್ದು ಬರಬೇಕು. ‘ಓಲೆ’ಯನ್ನೂ ಯೋಚಿಸಿದ್ದೆ. ಆದರೆ ಓಲೆಗೆ ಒಂದು ವಿಳಾಸ ಇರುತ್ತದೆ. ಸೈಟೊಕೈನ್‌ಗೆ ಇಲ್ಲ. ಅದು ಸುತ್ತಲೂ ಹರಡುತ್ತದೆ, ತಕ್ಕ ರಿಸೆಪ್ಟರ್ ಇರುವ ಜೀವಕೋಶ ಯಾವುದಿದ್ದರೂ ಕೇಳಿಸಿಕೊಳ್ಳುತ್ತದೆ.

ಆ ರಿಸೆಪ್ಟರ್‌ಗೆ ‘ಗ್ರಾಹಕ’ ಎಂದು ಬರೆಯುವುದು ರೂಢಿ. ಓದುವವರಿಗೆ ಮೊದಲು ನೆನಪಾಗುವುದು ಅಂಗಡಿಗೆ ಬರುವ ಗಿರಾಕಿ! ಹಾಗಾಗಿ ನಾನು ರಿಸೆಪ್ಟರ್ ಎಂದೇ ಉಳಿಸಿಕೊಂಡಿದ್ದೇನೆ.

ಒಂದೊಂದು ಸೈಟೊಕೈನ್‌ನ ಹೆಸರನ್ನು ಮಾತ್ರ ಕನ್ನಡಕ್ಕೆ ತರಬಾರದು ಎಂಬುದು ನನ್ನ ಅಭಿಪ್ರಾಯ. ಆ ಹೆಸರುಗಳು ಮೊದಲು ಕಂಡ ಕೆಲಸದ ಮೇಲೆ ಬಿದ್ದವು. 1957ರಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಎಂಬ ವಿಜ್ಞಾನಿಗಳು ಇಂಟರ್‌ಫೆರಾನ್ ಎಂದು ಕರೆದದ್ದು ಅದು ವೈರಸ್‌ಗೆ ಅಡ್ಡಿ ಮಾಡುತ್ತಿದ್ದುದರಿಂದ. ಟಿಎನ್‌ಎಫ್, ಅಂದರೆ ‘ಟ್ಯೂಮರ್ ನೆಕ್ರೋಸಿಸ್ ಫ್ಯಾಕ್ಟರ್’, ಎಂಬ ಹೆಸರಿನಲ್ಲಿರುವುದು ಗೆಡ್ಡೆಯನ್ನು ಸಾಯಿಸುವ ಮಾತು. ಆದರೆ ಸಂಧಿವಾತಕ್ಕೆ ಟಿಎನ್‌ಎಫ್ ತಡೆಯುವ ಮದ್ದು ಕೊಟ್ಟಾಗ, ಒಳಗೆ ಮಲಗಿದ್ದ ಕ್ಷಯ ಏಳಬಹುದು. ಅಂದರೆ ಅದನ್ನು ಅಷ್ಟು ದಿನ ಅದುಮಿಟ್ಟವರಲ್ಲಿ ಟಿಎನ್‌ಎಫ್ ಕೂಡ ಒಂದು. ‘ಗೆಡ್ಡೆನಾಶಕ’ ಎಂದು ಬರೆದರೆ ಇದು ಯಾರಿಗೆ ತಿಳಿದೀತು?

‘ಸೈಟೊಕೈನ್’ ಪದ ಇವೆಲ್ಲಕ್ಕಿಂತ ಅಗಲ. 1974ರಲ್ಲಿ ವಿಜ್ಞಾನಿ ಸ್ಟ್ಯಾನ್ಲಿ ಕೊಹೆನ್ ಮತ್ತು ಜೊತೆಗಾರರು ಬಳಕೆಗೆ ತಂದದ್ದು. ಗ್ರೀಕಿನ ಎರಡು ಪದಗಳಿಂದ ಆಗಿದೆ, ಒಂದಕ್ಕೆ ಕೋಶ, ಇನ್ನೊಂದಕ್ಕೆ ಚಲನೆ ಎಂಬ ಅರ್ಥ. ಇದಕ್ಕೆ ‘ಕರೆ ಪ್ರೋಟೀನ್’ ಹೊಂದುತ್ತದೆ ಅನ್ನಿಸುತ್ತದೆ.

ತೊಡಕು ಒಂದೇ. ಇಂಟರ್‌ಲ್ಯೂಕಿನ್-10 ಉರಿಯೂತವನ್ನು ತಗ್ಗಿಸುತ್ತದೆ. ಅದು ಹೇಳುವುದು ‘ಬನ್ನಿ’ ಎಂದಲ್ಲ, ‘ಸಾಕು, ನಿಲ್ಲಿಸಿ’ ಎಂದು. ಅದನ್ನೂ ಕರೆ ಅನ್ನಬಹುದೇ? ‘ಅಪ್ಪಣೆ’ ಅಂದರೆ ಎರಡೂ ಅಡಗುತ್ತವೆ, ಆದರೆ ಅಪ್ಪಣೆ ಮೇಲಿನವರು ಕೊಡುವಂಥದ್ದು. ಈ ಜೀವಕೋಶಗಳಲ್ಲಿ ಯಾರೂ ಯಾರ ಮೇಲಿಲ್ಲ. ‘ಬಾ’ ಮತ್ತು ‘ಸಾಕು’ ಎರಡನ್ನೂ ಸಮನಾದವರ ನಡುವೆ ಹೇಳುವ ಪದ ನಿಮ್ಮ ಕಡೆಯ ಮಾತಿನಲ್ಲಿ ಇದೆಯೇ?