ಹೊಸ ಕನ್ಸೋಲ್: ಡಿಸ್ಕ್ ಡ್ರೈವ್ ಬೇಕಾ, ಡಿಜಿಟಲ್ ಸಾಕಾ?

ಪಿಎಸ್4_ಇನ್ನೂ_ಓಡುತ್ತಿದೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಇಷ್ಟು ವರ್ಷ ಸೋನಿಯ ಪಿಎಸ್4 (ಪ್ಲೇಸ್ಟೇಷನ್ 4) ಕನ್ಸೋಲ್‌ನಲ್ಲೇ, ಅಂದರೆ ಟಿವಿಗೆ ಜೋಡಿಸಿ ಆಡುವ ಯಂತ್ರದಲ್ಲೇ ಆಡುತ್ತಿದ್ದೇನೆ. ಈಗ ಹೊಸ ದೊಡ್ಡ ಆಟಗಳು ಅದಕ್ಕೆ ಬರುವುದು ಹೆಚ್ಚುಕಡಿಮೆ ನಿಂತೇ ಹೋಗಿದೆ. ಹಾಗಾಗಿ ಪಿಎಸ್5 ತೆಗೆದುಕೊಳ್ಳಬೇಕು ಅಂತಿದ್ದೇನೆ. ಡಿಸ್ಕ್ ಡ್ರೈವ್ ಇರುವ ಮಾಡೆಲ್‌ಗೆ ದುಡ್ಡು ಜಾಸ್ತಿ. ಇನ್ನು ಡಿಸ್ಕ್ ಯಾರು ಹಾಕುತ್ತಾರೆ, ಡ್ರೈವ್ ಇಲ್ಲದ, ಆಟ ಡೌನ್‌ಲೋಡ್ ಮಾಡಿ ಆಡುವ ಡಿಜಿಟಲ್ ಮಾಡೆಲ್ ಸುಮ್ನೆ ತಗೋ ಅಂತ ಸ್ನೇಹಿತರು ಹೇಳುತ್ತಾರೆ. ಆದರೆ ನನ್ನ ಹತ್ತಿರ ಪಿಎಸ್4 ಡಿಸ್ಕ್‌ಗಳು ಒಂದು ಕಪಾಟು ತುಂಬ ಇವೆ, ಜೊತೆಗೆ ಸೇಲ್‌ನಲ್ಲಿ ಕೊಂಡ ಡಿಜಿಟಲ್ ಆಟಗಳೂ ಸಾಕಷ್ಟಿವೆ, ಅದರಲ್ಲಿ ಬಹಳಷ್ಟು ಇನ್ನೂ ಶುರು ಮಾಡಬೇಕು.

ಯಾವುದು ತೆಗೆದುಕೊಳ್ಳಲಿ? ಇನ್ನೂ ಸ್ವಲ್ಪ ಕಾದರೆ ಕನ್ಸೋಲ್ ಬೆಲೆ ಇಳಿಯುತ್ತದಾ? ಬಹಳ ವರ್ಷದಿಂದ ಆಡುತ್ತಿರುವವರು ಆಟಗಳನ್ನು ಹೇಗೆ ಕೊಳ್ಳುತ್ತೀರಿ ಅಂತಲೂ ಹೇಳಿ.

ಕಾರ್ಟ್ರಿಡ್ಜ್_ಕಾಲದವನು:

ಡ್ರೈವ್ ಇರುವುದನ್ನೇ ತೆಗೆದುಕೊಳ್ಳಿ. ಒಂದು ಕಪಾಟು ಡಿಸ್ಕ್ ಇದೆ ಅಂದಿರಲ್ಲ, ಅಲ್ಲಿಗೆ ಮುಗಿಯಿತು. ಪಿಎಸ್4 ಆಟಗಳಲ್ಲಿ ಬೆರಳೆಣಿಕೆಯಷ್ಟು ಬಿಟ್ಟು ಎಲ್ಲವೂ ಪಿಎಸ್5ನಲ್ಲಿ ಓಡುತ್ತವೆ. ಕೆಲವಕ್ಕೆ ಪಿಎಸ್5 ಆವೃತ್ತಿ ಪುಕ್ಕಟೆ ಸಿಗುತ್ತದೆ, ಕೆಲವಕ್ಕೆ ಸ್ವಲ್ಪ ದುಡ್ಡು ಕೊಡಬೇಕು, ಆದರೆ ಎರಡಕ್ಕೂ ಆ ಡಿಸ್ಕ್ ಡ್ರೈವ್‌ನಲ್ಲಿ ಇರಲೇಬೇಕು. ಡಿಜಿಟಲ್ ಮಾಡೆಲ್ ತೆಗೆದುಕೊಂಡರೆ ಕೈಯಲ್ಲಿರುವ ಆಟವನ್ನೇ ಮತ್ತೆ ಕೊಳ್ಳಬೇಕಾಗುತ್ತದೆ.

ಸೆಕೆಂಡ್ ಹ್ಯಾಂಡ್ ನೋಡುವುದಾದರೆ ಒಂದು ಎಚ್ಚರಿಕೆ. 2020ರಲ್ಲಿ ಬಂದ ಮೊದಲ ಡಿಜಿಟಲ್ ಮಾಡೆಲ್‌ಗೆ ಆಮೇಲೆ ಡ್ರೈವ್ ಜೋಡಿಸಲು ಆಗುವುದೇ ಇಲ್ಲ. 2023ರ ನವೆಂಬರ್‌ನಿಂದ ಬಂದ ಚಿಕ್ಕ ಮಾಡೆಲ್‌ಗೆ ಆಗುತ್ತದೆ, ಡ್ರೈವ್ ಬೇರೆಯಾಗಿ ಸಿಗುತ್ತದೆ, ಜೋಡಿಸುವಾಗ ಒಂದು ಸಲ ಇಂಟರ್ನೆಟ್ ಬೇಕು. 2024ರಲ್ಲಿ ಬಂದ ಪ್ರೋ ಮಾಡೆಲ್ ಅಷ್ಟು ದುಬಾರಿಯಾದರೂ ಡ್ರೈವ್ ಇಲ್ಲದೆಯೇ ಬರುತ್ತದೆ.

ಬೆಲೆ ಇಳಿಯುತ್ತದೆ ಅಂತ ಕಾಯಬೇಡಿ. ಮೊದಲು ಕಾಯುವುದರಲ್ಲಿ ಅರ್ಥ ಇತ್ತು. ಪಿಎಸ್2 ಅಮೆರಿಕದಲ್ಲಿ 2000ದಲ್ಲಿ 299 ಡಾಲರ್‌ಗೆ ಬಂದು 2002ರಲ್ಲಿ 199ಕ್ಕೆ ಇಳಿಯಿತು. ಈ ತಲೆಮಾರಿನಲ್ಲಿ ಅದು ತಿರುವುಮುರುವಾಗಿದೆ. ಪಿಎಸ್5 ಬೆಲೆಯನ್ನು 2022ರಲ್ಲಿ ಯುರೋಪ್, ಜಪಾನ್ ಸೇರಿ ಹಲವು ಕಡೆ ಏರಿಸಿದರು, 2025ರಲ್ಲಿ ಅಮೆರಿಕದಲ್ಲೂ ಏರಿಸಿದರು. ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಕನ್ಸೋಲ್ ಬೆಲೆ ಕೂಡ 2025ರಲ್ಲಿ ಏರಿತು. ಬಂದು ಐದು ವರ್ಷವಾದ ಯಂತ್ರ ಮೊದಲ ದಿನಕ್ಕಿಂತ ದುಬಾರಿ! ಕನ್ಸೋಲ್ ಬೇಕು ಅಂತ ಗಟ್ಟಿಯಾಗಿದ್ದರೆ ಈಗಲೇ ತೆಗೆದುಕೊಳ್ಳಿ.

ಆಟಕ್ಕೆ ಮಾತ್ರ ಕಾಯಿರಿ. ಈ ವಿಷಯದಲ್ಲಿ ನಾನು ಹಟಮಾರಿ. ಬಿಡುಗಡೆಯ ದಿನ ಆಟ ಕೊಳ್ಳುವುದನ್ನು ಬಿಟ್ಟು ವರ್ಷಗಳೇ ಆದವು. ಕಾರ್ಟ್ರಿಡ್ಜ್ ಕಾಲದಲ್ಲಿ, ಅಂದರೆ ಯಂತ್ರಕ್ಕೆ ಸಿಕ್ಕಿಸುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಆಟ ಬರುತ್ತಿದ್ದಾಗ, ಒಮ್ಮೆ ಮಾರಿದರೆ ಮುಗಿಯಿತು, ಆಮೇಲೆ ತಿದ್ದಲು ದಾರಿಯೇ ಇರಲಿಲ್ಲ, ಹಾಗಾಗಿ ಮುಗಿಸಿಯೇ ಕೊಡಬೇಕಿತ್ತು. ಆಗಲೂ ಕೆಟ್ಟ ಆಟಗಳು ಬೇಕಾದಷ್ಟು ಬಂದವು, ಅರ್ಧಂಬರ್ಧ ಆಟ ಮಾತ್ರ ಈಗಿನಷ್ಟು ಮಾಮೂಲಿ ಆಗಿರಲಿಲ್ಲ. ಸೈಬರ್‌ಪಂಕ್ 2077 ನೆನಪಿದೆ ಅಲ್ವಾ? 2020ರ ಡಿಸೆಂಬರ್ 10ರಂದು ಬಂತು, ಒಂದು ವಾರ ಕಳೆಯುವಷ್ಟರಲ್ಲಿ ಸೋನಿ ತನ್ನ ಸ್ಟೋರ್‌ನಿಂದಲೇ ತೆಗೆದು ದುಡ್ಡು ವಾಪಸ್ ಕೊಡುತ್ತೇವೆ ಅಂದಿತು. ಆರು ತಿಂಗಳಾದ ಮೇಲೆ ಸ್ಟೋರ್‌ಗೆ ಮರಳಿತು. 2023ರ ದೊಡ್ಡ ಅಪ್‌ಡೇಟ್ ಆದ ಮೇಲೆ ಅದೇ ಆಟ ನಿಜವಾಗಿಯೂ ಚೆನ್ನಾಗಿದೆ. ನೋ ಮ್ಯಾನ್ಸ್ ಸ್ಕೈ ಕೂಡ ಹಾಗೇ, 2016ರಲ್ಲಿ ಹೇಳಿದ್ದರಲ್ಲಿ ಎಷ್ಟೋ ಇರಲಿಲ್ಲ, ವರ್ಷಗಟ್ಟಲೆ ಪುಕ್ಕಟೆ ಅಪ್‌ಡೇಟ್ ಕೊಟ್ಟು ತುಂಬಿಸಿದರು. ಆ ತಂಡದ ಶ್ರಮಕ್ಕೆ ನನಗೆ ಗೌರವ ಇದೆ. ಆದರೆ ಮೊದಲ ದಿನ ಪೂರ್ತಿ ದುಡ್ಡು ಕೊಟ್ಟವರಿಗೆ ಸಿಕ್ಕಿದ್ದು ಕಡಿಮೆ ಆಟ, ತಡವಾಗಿ ಬಂದವರಿಗೆ ಸಿಕ್ಕಿದ್ದು ಪೂರ್ತಿ ಆಟ, ಅದೂ ಕಡಿಮೆ ಬೆಲೆಗೆ. ನಂಬಿದವರಿಗೇ ಪೆಟ್ಟು ಬೀಳುವ ಈ ವ್ಯವಸ್ಥೆ ನನಗೆ ಸರಿ ಕಾಣುವುದಿಲ್ಲ.

ಪ್ರೀ-ಆರ್ಡರ್ ಅಂತೂ ಬೇಡವೇ ಬೇಡ. ಅಂಗಡಿಗೆ ಬರುವ ಪ್ರತಿಗಳು ಕಡಿಮೆ ಇದ್ದಾಗ ಮೊದಲೇ ಹೇಳಿಡುವುದರಲ್ಲಿ ಅರ್ಥ ಇತ್ತು. ಡೌನ್‌ಲೋಡ್ ಪ್ರತಿ ಖಾಲಿಯಾಗುತ್ತದಾ? ಈಗ ಇನ್ನೊಂದು ಶುರುವಾಗಿದೆ, ದುಬಾರಿ ಆವೃತ್ತಿ ಕೊಂಡವರಿಗೆ ಮೂರು ದಿನ, ಐದು ದಿನ ಮೊದಲೇ ಆಡಲು ಬಿಡುವುದು. 2023ರಲ್ಲಿ ಸ್ಟಾರ್‌ಫೀಲ್ಡ್‌ಗೆ ಹೀಗೇ ಮಾಡಿದರು. ಅಂದರೆ ಆಟ ತಯಾರಾಗಿದೆ, ಉಳಿದವರನ್ನು ಬೇಕಂತಲೇ ಕಾಯಿಸುತ್ತಾರೆ, ಆ ಕಾಯುವಿಕೆ ತಪ್ಪಿಸಲು ದುಡ್ಡು ತೆಗೆದುಕೊಳ್ಳುತ್ತಾರೆ. ಇದಕ್ಕೆ ಒಂದು ರೂಪಾಯಿಯನ್ನೂ ನಾನು ಕೊಡುವುದಿಲ್ಲ.

ಸ್ವಿಚ್ ಕನ್ಸೋಲ್ ಮಾಡುವ ನಿಂಟೆಂಡೋ ಮಾತ್ರ ಬೇರೆ ಲೆಕ್ಕ. ಅವರ ಸ್ವಂತ ಆಟಗಳ ಬೆಲೆ ವರ್ಷಗಳಾದರೂ ಅಷ್ಟಾಗಿ ಇಳಿಯುವುದಿಲ್ಲ, ಬರುವಾಗಲೇ ಸಾಮಾನ್ಯವಾಗಿ ಮುಗಿದ ಸ್ಥಿತಿಯಲ್ಲೇ ಬರುತ್ತವೆ. ಅಲ್ಲಿ ಕಾದು ಲಾಭ ಇಲ್ಲ, ಆಡಬೇಕು ಅನಿಸಿದ ದಿನ ಕೊಳ್ಳಿ.

ಇನ್ನು ಸೇಲ್. ಸೇಲ್‌ಗೆ ಬಂದ ಆಟ ಮತ್ತೆ ಸೇಲ್‌ಗೆ ಬರುತ್ತದೆ, ಬಹಳ ಸಲ ಇನ್ನೂ ಕಡಿಮೆಗೆ. ಹಾಗಾಗಿ ನನ್ನ ಪದ್ಧತಿ ಇಷ್ಟೇ: ಈಗ ಆಡುತ್ತಿರುವುದು ಮುಗಿದ ಕೂಡಲೇ ಇದನ್ನೇ ಶುರು ಮಾಡುತ್ತೇನೆ ಅನಿಸಿದರೆ ಮಾತ್ರ ಕೊಳ್ಳುತ್ತೇನೆ. ಇಲ್ಲದಿದ್ದರೆ ವಿಶ್‌ಲಿಸ್ಟ್‌ಗೆ ಹಾಕಿ ಬಿಡುತ್ತೇನೆ. ಒಂದು ವರ್ಷದ ಮೇಲೆ ಆ ಪಟ್ಟಿ ತೆರೆದರೆ ಅರ್ಧದಷ್ಟು ಹೆಸರುಗಳು ಬೇಡವಾಗಿರುತ್ತವೆ.

ರಾತ್ರಿ_ಒಂದು_ಗಂಟೆ:

ಅಣ್ಣ ಹೇಳಿದ್ದರಲ್ಲಿ ಬಹಳಷ್ಟು ಒಪ್ಪುತ್ತೇನೆ, ಆದರೆ ಡಿಸ್ಕ್ ವಿಷಯದಲ್ಲಿ ನನ್ನದು ಬೇರೆ ಮಾತು. ನಾನು ಈಗ ಪೂರ್ತಿ ಡಿಜಿಟಲ್. ಆಡಲು ಸಿಗುವುದೇ ಮನೆಯವರೆಲ್ಲ ಮಲಗಿದ ಮೇಲೆ ಒಂದು ಗಂಟೆ. ಆಗ ಒಂದು ಆಟ ಬಿಟ್ಟು ಇನ್ನೊಂದಕ್ಕೆ ಹೋಗುವುದು ಎರಡು ಬಟನ್ ಒತ್ತಿದಷ್ಟು ಸುಲಭ ಇರಬೇಕು. ಪಿಎಸ್4ನಲ್ಲಿ ಕೊಂಡ ಡಿಜಿಟಲ್ ಆಟಗಳೆಲ್ಲ ಅದೇ ಅಕೌಂಟ್‌ನಲ್ಲಿ ಪಿಎಸ್5ಗೆ ಹಾಗೇ ಬಂದವು, ಏನೂ ಕಳೆದುಹೋಗಲಿಲ್ಲ.

ಇನ್ನೊಂದು, ನನಗೆ ತುಂಬ ಇಷ್ಟವಾದ ಆಟಗಳು ಚಿಕ್ಕ ತಂಡಗಳವು. ಹಾಲೋ ನೈಟ್, ಸೆಲೆಸ್ಟ್, ಹೇಡಿಸ್, ಇವೆಲ್ಲ ಮೊದಲು ಡಿಜಿಟಲ್‌ನಲ್ಲೇ ಬಂದವು. ಡಿಸ್ಕ್ ಅಚ್ಚು ಹಾಕಿಸಿ ಅಂಗಡಿಗೆ ಮುಟ್ಟಿಸುವ ಖರ್ಚು ಅಂಥ ತಂಡಕ್ಕೆ ಭಾರ. ಡಿಜಿಟಲ್ ಸ್ಟೋರ್ ಇಲ್ಲದಿದ್ದರೆ ಇವು ನಮ್ಮ ಕನ್ಸೋಲ್‌ಗೆ ಬರುತ್ತಲೇ ಇರಲಿಲ್ಲವೇನೋ. ದೊಡ್ಡ ಆಟಗಳಿಗೂ ಈ ಗಾಳಿ ತಗುಲಿದೆ. ಅಲನ್ ವೇಕ್ 2 ಬಂದಿದ್ದು 2023ರ ಅಕ್ಟೋಬರ್‌ನಲ್ಲಿ, ಡಿಸ್ಕ್ ಬಂದಿದ್ದು ಒಂದು ವರ್ಷ ಆದಮೇಲೆ.

ಬಿಡುಗಡೆಯ ದಿನ ಕೊಳ್ಳಬೇಡಿ ಅನ್ನುವುದನ್ನೂ ಚಿಕ್ಕ ತಂಡಗಳಿಗೆ ಅನ್ವಯಿಸಬೇಡಿ ಅಂತ ನನ್ನ ವಿನಂತಿ. ಮೊದಲ ವಾರದ ಮಾರಾಟದ ಮೇಲೆ ಅವರ ಮುಂದಿನ ಆಟ ನಿಂತಿರುತ್ತದೆ. ನೂರಾರು ಜನರ ಸ್ಟುಡಿಯೋ ಕಾಯಬಹುದು, ಮೂರು ಜನರ ತಂಡಕ್ಕೆ ಕಾಯುವುದು ಕಷ್ಟ.

ಕಾರ್ಟ್ರಿಡ್ಜ್_ಕಾಲದವನು:

ಚಿಕ್ಕ ತಂಡಗಳ ಬಗ್ಗೆ ನೀವು ಹೇಳಿದ್ದು ನ್ಯಾಯ. ಅವುಗಳ ಬೆಲೆಯೂ ಕಡಿಮೆ, ಮೋಸ ಹೋಗುವ ಭಯವೂ ಕಡಿಮೆ. ಬೇಕಾದ ಆಟ ಬಂದ ವಾರವೇ ಪೂರ್ತಿ ಬೆಲೆ ಕೊಡೋಣ, ಅದಕ್ಕೆ ನನ್ನದೂ ಒಪ್ಪಿಗೆ.

ಡಿಸ್ಕ್ ಅಂದರೆ ನನಗೆ ಬರೀ ಪೆಟ್ಟಿಗೆಯ ಅಂದ ಅಲ್ಲ. ಆಡಿ ಮುಗಿಸಿದ ಮೇಲೆ ಮಾರಬಹುದು, ತಮ್ಮನಿಗೆ ಕೊಡಬಹುದು, ಸ್ನೇಹಿತನ ಹತ್ತಿರ ಬದಲಾಯಿಸಿಕೊಳ್ಳಬಹುದು. ಡಿಜಿಟಲ್‌ನಲ್ಲಿ ದುಡ್ಡು ಹೋದರೆ ಹೋಯಿತು. 2013ರಲ್ಲಿ ಎಕ್ಸ್‌ಬಾಕ್ಸ್ ಒನ್ ಬರುವ ಮೊದಲು ಹಳೇ ಡಿಸ್ಕ್ ಮಾರುವುದಕ್ಕೆ ಕಟ್ಟುಪಾಡು, 24 ಗಂಟೆಗೊಮ್ಮೆ ಆನ್‌ಲೈನ್ ಪರೀಕ್ಷೆ ಅಂತೆಲ್ಲ ಹೇಳಿದ್ದರು. ಜನ ಎಷ್ಟು ಜೋರಾಗಿ ಬೇಡ ಅಂದರು ಅಂದರೆ ಯಂತ್ರ ಅಂಗಡಿಗೆ ಬರುವ ಮೊದಲೇ ಅದನ್ನೆಲ್ಲ ಹಿಂತೆಗೆದುಕೊಂಡರು. ನಾವು ಕೊಳ್ಳುವ ರೀತಿಗೆ ಕಂಪನಿಗಳು ಬಗ್ಗುತ್ತವೆ. ಡ್ರೈವ್ ಇಲ್ಲದ ಯಂತ್ರವನ್ನೇ ಎಲ್ಲರೂ ಕೊಂಡರೆ ಮುಂದಿನ ಯಂತ್ರಕ್ಕೆ ಡ್ರೈವ್ ಯಾಕೆ ಮಾಡುತ್ತಾರೆ? ಸ್ಪರ್ಧೆಯೇ ಇಲ್ಲದ ಒಂದೇ ಸ್ಟೋರ್ ಉಳಿದರೆ ಬೆಲೆ ಯಾರು ಇಳಿಸುತ್ತಾರೆ?

ಸರ್ವರ್_ಮುಚ್ಚಿದೆ:

ಯಾರೂ ಹೇಳದ ಒಂದು ವಿಷಯ ಸೇರಿಸುತ್ತೇನೆ. ಡಿಸ್ಕ್ ಇದ್ದ ಮಾತ್ರಕ್ಕೆ ಆಟ ನಿಮ್ಮದು ಅಂತ ನೆಮ್ಮದಿಯಾಗಿ ಇರುವ ಹಾಗಿಲ್ಲ. ದಿ ಕ್ರ್ಯೂ ಅನ್ನುವ ಕಾರ್ ರೇಸ್ ಆಟದ ಸರ್ವರ್‌ಗಳನ್ನು 2024ರ ಮಾರ್ಚ್ 31ಕ್ಕೆ ನಿಲ್ಲಿಸಿದರು. ಒಬ್ಬರೇ ಆಡುವ ಭಾಗಕ್ಕೂ ಸರ್ವರ್ ಬೇಕಿತ್ತು, ಹಾಗಾಗಿ ಡಿಸ್ಕ್ ಇದ್ದವರಿಗೂ ಇಲ್ಲದವರಿಗೂ ಒಂದೇ ಗತಿ. ಸ್ಟಾಪ್ ಕಿಲ್ಲಿಂಗ್ ಗೇಮ್ಸ್ ಅನ್ನುವ ಹೋರಾಟ ಶುರುವಾಗಿದ್ದೇ ಇದರಿಂದ. ಯುರೋಪಿನಲ್ಲಿ ಅದರ ಅರ್ಜಿಗೆ 2025ರ ಜುಲೈ ಹೊತ್ತಿಗೆ ಹತ್ತು ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಕಾನ್ಕಾರ್ಡ್ ಅನ್ನುವ ಆನ್‌ಲೈನ್ ಆಟದ ಕಥೆ ಇನ್ನೂ ಚಿಕ್ಕದು, 2024ರ ಆಗಸ್ಟ್ 23ಕ್ಕೆ ಬಂತು, ಸೆಪ್ಟೆಂಬರ್ 6ಕ್ಕೆ ಮುಚ್ಚಿತು. ಅಲ್ಲಿ ಎಲ್ಲರಿಗೂ ದುಡ್ಡು ವಾಪಸ್ ಕೊಟ್ಟರು ಅನ್ನುವುದು ದೊಡ್ಡ ಮಾತು.

ಸ್ಟೋರ್‌ಗಳೂ ಮುಚ್ಚುತ್ತವೆ. ನಿಂಟೆಂಡೋದ ಹಳೇ ಯಂತ್ರಗಳಾದ ವೀ ಯು ಮತ್ತು 3ಡಿಎಸ್‌ನ ಇ-ಶಾಪ್ ಸ್ಟೋರ್‌ನಲ್ಲಿ ಕೊಳ್ಳುವುದು 2023ರ ಮಾರ್ಚ್‌ನಲ್ಲಿ ನಿಂತಿತು, ಎಕ್ಸ್‌ಬಾಕ್ಸ್ 360 ಸ್ಟೋರ್ 2024ರ ಜುಲೈನಲ್ಲಿ. ಮೊದಲೇ ಕೊಂಡವರು ಆಮೇಲೂ ಡೌನ್‌ಲೋಡ್ ಮಾಡಬಹುದು ಅಂದರು, ಹೊಸಬರಿಗೆ ಮಾತ್ರ ಬಾಗಿಲು ಮುಚ್ಚಿತು. ಪಿಎಸ್3 ಸ್ಟೋರ್ ಮುಚ್ಚುತ್ತೇವೆ ಅಂತ 2021ರಲ್ಲಿ ಸೋನಿ ಹೇಳಿದಾಗ ಜನ ಗಲಾಟೆ ಮಾಡಿದ ಮೇಲೆಯೇ ಆ ತೀರ್ಮಾನ ಬಿಟ್ಟಿದ್ದು. ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಲೆಕ್ಕ ಹಾಕಿದ ಪ್ರಕಾರ 2010ಕ್ಕಿಂತ ಮೊದಲು ಅಮೆರಿಕದಲ್ಲಿ ಬಂದ ಆಟಗಳಲ್ಲಿ ಶೇ. 87 ಈಗ ಮಾರಾಟಕ್ಕೇ ಇಲ್ಲ. ಇದು ನೆನೆದರೆ ಹೊಟ್ಟೆ ಉರಿಯುತ್ತದೆ. ಎಷ್ಟೋ ಜನ ನಿದ್ದೆಗೆಟ್ಟು ಮಾಡಿದ ಕೆಲಸ ಅದು.

ಹಾಗಾಗಿ ಕೊಳ್ಳುವ ಮೊದಲು ಇಂಟರ್ನೆಟ್ ಇಲ್ಲದೆ ಆಟ ಓಡುತ್ತದಾ ಅಂತ ನೋಡಿ. ಡಸ್ ಇಟ್ ಪ್ಲೇ ಅನ್ನುವ ಗುಂಪು ಡಿಸ್ಕ್‌ಗಳನ್ನು ಹೀಗೆಯೇ ಪರೀಕ್ಷಿಸಿ ಪಟ್ಟಿ ಹಾಕುತ್ತದೆ. ಸ್ವಿಚ್ 2ನಲ್ಲಿ ಗೇಮ್-ಕೀ ಕಾರ್ಡ್ ಅಂತ ಬಂದಿದೆ, ಅದರಲ್ಲಿ ಆಟವೇ ಇರುವುದಿಲ್ಲ, ಡೌನ್‌ಲೋಡ್ ಮಾಡಬೇಕು, ಆದರೂ ಆಡುವಾಗ ಕಾರ್ಡ್ ಒಳಗಿರಬೇಕು. ಮತ್ತೆ ಮಾರಬಹುದು ಅನ್ನುವುದೊಂದೇ ಸಮಾಧಾನ. ಪೆಟ್ಟಿಗೆಯ ಮುಂಭಾಗದಲ್ಲೇ ಬರೆದಿರುತ್ತಾರೆ, ಓದಿ ಕೊಳ್ಳಿ.

ಚಂದಾದಾರೆ:

ಸಬ್‌ಸ್ಕ್ರಿಪ್ಷನ್ ಬಗ್ಗೆ ಯಾರೂ ಮಾತಾಡಲಿಲ್ಲವಲ್ಲ. ನಾನು ಎಲ್ಲ ಬಗೆಯ ಆಟಗಳ ರುಚಿ ನೋಡುವವಳು, ಇಷ್ಟವಾಗದಿದ್ದರೆ ಅರ್ಧ ಗಂಟೆಗೆ ಬಿಡುತ್ತೇನೆ. ನನ್ನಂಥವರಿಗೆ ಎಕ್ಸ್‌ಬಾಕ್ಸ್‌ನ ಗೇಮ್ ಪಾಸ್ (ತಿಂಗಳ ಚಂದಾ ಕಟ್ಟಿ ಪಟ್ಟಿಯಲ್ಲಿರುವ ಆಟಗಳನ್ನು ಆಡುವ ಸೇವೆ) ಬಹಳ ಉಪಯೋಗ ಆಗಿದೆ. ಆದರೆ ಬೆಲೆ ಹಲವು ಸಲ ಏರಿದೆ, ಅದರಲ್ಲಿ ಎಲ್ಲಕ್ಕಿಂತ ಮೇಲಿನ ಅಲ್ಟಿಮೇಟ್ ಚಂದಾ 2025ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ತಿಂಗಳಿಗೆ 20 ಡಾಲರ್‌ನಿಂದ 30ಕ್ಕೆ ಹೋಯಿತು. ನಿಮ್ಮ ಹಾಗೆ ಮುಗಿಸಬೇಕಾದ ಆಟಗಳು ರಾಶಿ ಇರುವವರಿಗೆ ಇದು ಬೇಡ. ಇರುವ ರಾಶಿಯ ಮೇಲೆ ಇನ್ನೊಂದು ರಾಶಿ ಬಿದ್ದ ಹಾಗೆ, ಅದಕ್ಕೆ ತಿಂಗಳು ತಿಂಗಳು ಬಾಡಿಗೆ ಬೇರೆ. ನೂರು ಗಂಟೆಯ ಆರ್‌ಪಿಜಿ (ಒಂದು ಪಾತ್ರವನ್ನು ಬೆಳೆಸುತ್ತ ಆಡುವ ಉದ್ದ ಕಥೆಯ ಆಟ) ಆಡುವವರು ಚಂದಾ ಕಟ್ಟುವ ಬದಲು ಆ ಆಟವನ್ನೇ ಕೊಂಡುಬಿಡಬಹುದು.

ಸೋನಿಯ ಚಂದಾ ಸೇವೆಯಾದ ಪಿಎಸ್ ಪ್ಲಸ್ ತೆಗೆದುಕೊಂಡರೆ ಇದನ್ನು ತಿಳಿದಿರಿ. ತಿಂಗಳ ಆಟ ಅಂತ ಕೊಡುವುದನ್ನು ಸೇರಿಸಿಕೊಂಡರೆ ಚಂದಾ ಇರುವವರೆಗೆ ನಿಮ್ಮದು. ಕ್ಯಾಟಲಾಗ್‌ನಲ್ಲಿರುವ ಆಟ ಹಾಗಲ್ಲ, ನೀವು ಅರ್ಧ ಆಡಿದ್ದರೂ ಅವಧಿ ಮುಗಿದ ದಿನ ಹೋಗುತ್ತದೆ.

ಪಿಎಸ್4_ಇನ್ನೂ_ಓಡುತ್ತಿದೆ:

ಎಲ್ಲರಿಗೂ ತುಂಬ ಧನ್ಯವಾದ, ಇಷ್ಟು ವಿವರ ಸಿಗುತ್ತದೆ ಅಂದುಕೊಂಡಿರಲಿಲ್ಲ. ಡ್ರೈವ್ ಇರುವ ಮಾಡೆಲ್ ಅಂತ ತೀರ್ಮಾನ ಮಾಡಿದೆ. ಮೊದಲು ಕಪಾಟಿನಲ್ಲಿರುವ ಆಟಗಳನ್ನು ಮುಗಿಸುತ್ತೇನೆ, ಚಂದಾ ಸದ್ಯಕ್ಕೆ ಇಲ್ಲ. ಕೊನೆಯದಾಗಿ ಒಂದು ಪ್ರಶ್ನೆ, ಸೆಕೆಂಡ್ ಹ್ಯಾಂಡ್ ಡಿಸ್ಕ್ ಕೊಳ್ಳುವಾಗ ಏನೇನು ನೋಡಬೇಕು?

ಕಾರ್ಟ್ರಿಡ್ಜ್_ಕಾಲದವನು:

ಒಳ್ಳೆಯದು. ಡಿಸ್ಕ್ ತೆಗೆದು ಬೆಳಕಿಗೆ ಹಿಡಿದು ನೋಡಿ. ಪಿಎಸ್4, ಪಿಎಸ್5 ಡಿಸ್ಕ್‌ಗಳು ಬ್ಲೂ-ರೇ ಬಗೆಯವು, ಅವುಗಳ ಮೇಲೆ ಗಟ್ಟಿ ಲೇಪ ಇರುವುದರಿಂದ ಸಣ್ಣಪುಟ್ಟ ಗೆರೆಗೆ ಏನೂ ಆಗುವುದಿಲ್ಲ. ಆದರೆ ಮಾಹಿತಿ ಇರುವ ಪದರ ಮೇಲ್ಮೈಗೆ ಬಹಳ ಹತ್ತಿರ ಇರುತ್ತದೆ, ಆಳವಾದ ಗೀರು ಬಿದ್ದರೆ ಹಳೇ ಸಿಡಿ, ಡಿವಿಡಿ ಹಾಗೆ ಉಜ್ಜಿ ಸರಿ ಮಾಡಲು ಆಗುವುದಿಲ್ಲ. ನಡುವಿನ ತೂತಿನ ಸುತ್ತ ಬಿರುಕು ಇದ್ದರೆ ಬಿಟ್ಟುಬಿಡಿ.

ಪೆಟ್ಟಿಗೆಯಲ್ಲಿ ಹೆಚ್ಚುವರಿ ಭಾಗ ಡೌನ್‌ಲೋಡ್ ಮಾಡಲು ಕೊಡುವ ಕಾಗದದ ಕೋಡ್ ಇದ್ದರೆ ಅದು ಬಹುತೇಕ ಬಳಸಿದ್ದೇ ಆಗಿರುತ್ತದೆ, ಅದಕ್ಕೆ ದುಡ್ಡು ಕೊಡಬೇಡಿ. ಪಿಎಸ್4, ಪಿಎಸ್5 ಡಿಸ್ಕ್‌ಗಳು ಯಾವ ದೇಶದ್ದಾದರೂ ಓಡುತ್ತವೆ, ಡಿಎಲ್‌ಸಿ (ಆಮೇಲೆ ಡೌನ್‌ಲೋಡ್ ಮಾಡುವ ಆಟದ ಹೆಚ್ಚುವರಿ ಭಾಗ) ಮಾತ್ರ ಡಿಸ್ಕ್‌ನ ಪ್ರಾಂತ್ಯಕ್ಕೂ ನಿಮ್ಮ ಅಕೌಂಟ್‌ನ ಪ್ರಾಂತ್ಯಕ್ಕೂ ಹೊಂದಬೇಕು. ಡಿಎಲ್‌ಸಿ ಆಡುವ ಆಸೆ ಇದ್ದರೆ ಎಲ್ಲವೂ ಸೇರಿರುವ ಕಂಪ್ಲೀಟ್ ಎಡಿಷನ್ ಹುಡುಕಿ. ಅದರಲ್ಲೂ ಡಿಎಲ್‌ಸಿ ಡಿಸ್ಕ್‌ನಲ್ಲೇ ಇದೆಯಾ, ಬರೀ ಕೋಡ್ ಕೊಟ್ಟಿದ್ದಾರಾ ಅಂತ ಮೊದಲೇ ಕೇಳಿಕೊಳ್ಳಿ.